ನೆರಳಿಗೆ ನಮ್ಮದೇ ಹೆಸರು

ಬೇಸಿಗೆ ರಜೆಗೆ ಬಂದಿದ್ದ ತಂಗಿಯ ಮಗಳು ಹೋಗುವಾಗ ಒಂದು ಪುಸ್ತಕವನ್ನು ನಮ್ಮ ಮೇಜಿನ ಮೇಲೆ ಬಿಟ್ಟು ಹೋದಳು. ಮರೆತು ಬಿಟ್ಟದ್ದಲ್ಲ. "ಮಾಮೂ, ಇದನ್ನು ನೀವು ಓದಲೇಬೇಕು. ಓದಿದ ಮೇಲೆ ವಾಪಸ್ ಕೊಡಲೇಬೇಕು" ಎಂದು ಎರಡು ಷರತ್ತು ಹಾಕಿಯೇ ಬಸ್ಸು ಹತ್ತಿದ್ದಳು. ಹತ್ತನೇ ತರಗತಿ ಮುಗಿಸಿದ ಹುಡುಗಿಯ ಮೆಚ್ಚಿನ ಪುಸ್ತಕ ನಲವತ್ತೈದು ದಾಟಿದ ನಮಗೆ ಏನು ಹೇಳೀತು ಎಂದುಕೊಂಡು ಹತ್ತು ದಿನ ಅದನ್ನು ಮುಟ್ಟಲಿಲ್ಲ. ಮುಖಪುಟದಲ್ಲಿ ಕಡಲು, ಒಂದು ಸಣ್ಣ ದೋಣಿ, ಮೇಲೆ ಹಾರುವ ಹಕ್ಕಿ. ಇಂಗ್ಲಿಷ್ ಪುಸ್ತಕ. ಹೆಸರು 'ಅ ವಿಝಾರ್ಡ್ ಆಫ್ ಅರ್ಥ್‌ಸೀ'. ಬರೆದವರು ಉರ್ಸುಲಾ ಲೆ ಗ್ವಿನ್.

ಒಂದು ರಾತ್ರಿ ನಿದ್ದೆ ಬಾರದೆ ಅದನ್ನು ಕೈಗೆತ್ತಿಕೊಂಡೆವು. ಫಜ್ರ್ ಆಝಾನ್ ಕೇಳಿಸಿದಾಗ ಕೊನೆಯ ಪುಟದಲ್ಲಿದ್ದೆವು. ಆ ತಿಂಗಳಲ್ಲೇ ಮತ್ತೆರಡು ಸಲ ಓದಿದೆವು. ಕಥೆ ಬರೆಯುವವರಿಗೆ ಇನ್ನೊಬ್ಬರ ಕಥೆಯ ಮೇಲೆ ಮನಸೋಲುವುದು ಅಷ್ಟು ಸುಲಭವಲ್ಲ. ಎಲ್ಲಿ ಹೊಲಿಗೆ ಹಾಕಿದ್ದಾರೆ, ಎಲ್ಲಿ ತೇಪೆ ಇದೆ ಎಂದು ಕಣ್ಣು ಹುಡುಕುತ್ತಲೇ ಇರುತ್ತದೆ. ಈ ಪುಸ್ತಕದ ಮುಂದೆ ನಮ್ಮ ಆ ಕಣ್ಣು ಮುಚ್ಚಿಕೊಂಡಿತು. ಬಾಲ್ಯದಲ್ಲಿ ಒಂದು ಕೈಯಲ್ಲಿ ಕನ್ನಡದ 'ಚಂದಮಾಮ', ಇನ್ನೊಂದು ಕೈಯಲ್ಲಿ ಉಮ್ರೋ ಅಯ್ಯಾರನ ಉರ್ದು ಪುಸ್ತಕ ಹಿಡಿದು ಓದುತ್ತಿದ್ದ ಹಾಗೆಯೇ ಓದಿದೆವು.

ಇದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತಿತ್ತು. ಆದರೂ ಇಶಾ ನಮಾಝ್ ಮುಗಿಸಿ ಚಹಾ ಕುಡಿಯಲು ಕೂತಾಗ ಬಾಯಿ ತಪ್ಪಿ ಹೇಳಿಬಿಟ್ಟೆವು. ನಮಗೆ ಉರ್ದು ಕಲಿಸಿದ ಮಾಸ್ಟರ್ ಸಾಹೇಬರು ಎದುರಿಗಿದ್ದರು. "ಮಿಯಾ, ಈ ವಯಸ್ಸಿನಲ್ಲಿ ಮಕ್ಕಳ ಜಾದೂ ಕಥೆಯೇ?" ಎಂದರು. ಸ್ವಲ್ಪ ತಡೆದು, "ಜಾದೂವನ್ನು ನಮ್ಮ ದೀನ್ ಒಪ್ಪುವುದಿಲ್ಲ. ಅದಿರಲಿ, ಆಗದೇ ಇದ್ದದ್ದನ್ನು ಆದ ಹಾಗೆ ಬರೆದರೆ ಅದು ಸುಳ್ಳಲ್ಲವೇ? ಸುಳ್ಳಿನ ಮೇಲೆ ಮನಸ್ಸಿಡುವುದು ಸರಿಯೇ?" ಎಂದು ಕೇಳಿದರು.

ಮಾಸ್ಟರ್ ಸಾಹೇಬರು ಮೂಢರಲ್ಲ. ಮೀರ್, ಗಾಲಿಬರನ್ನು ನಮಗೆ ಪರಿಚಯಿಸಿದವರು ಅವರೇ. ಆದ್ದರಿಂದ ಅವರ ಪ್ರಶ್ನೆಗಳನ್ನು ನಕ್ಕು ತಳ್ಳಿಹಾಕುವ ಹಾಗಿರಲಿಲ್ಲ. ಅಂದು ನಾವು ಉತ್ತರ ಕೊಡಲಿಲ್ಲ. ಈ ಬರಹ ಆ ಉತ್ತರದ ಪ್ರಯತ್ನ. ಬರೆಯುತ್ತಾ ಹೋದಂತೆ ಅದು ಅವರಿಗಿಂತ ಹೆಚ್ಚಾಗಿ ಇನ್ನೊಬ್ಬರಿಗೆ ಕೊಡಬೇಕಾದ ಉತ್ತರ ಎಂದು ತಿಳಿಯಿತು.

ದ್ವೀಪಗಳ ಲೋಕದ ಹುಡುಗ

ಓದದವರಿಗಾಗಿ ಕಥೆಯ ಸಾರ. ನೂರಾರು ದ್ವೀಪಗಳ ಒಂದು ಲೋಕ. ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ತಾಯಿಯಿಲ್ಲದ ಒಬ್ಬ ಹುಡುಗ. ತಂದೆ ಕಂಚುಗಾರ. ಹುಡುಗ ಮೇಕೆ ಕಾಯುತ್ತಾನೆ. ಊರಿನ ಮಾಟಗಾತಿಯಾದ ಅವನ ದೊಡ್ಡಮ್ಮ ಅವನಲ್ಲಿರುವ ಶಕ್ತಿಯನ್ನು ಮೊದಲು ಗುರುತಿಸುತ್ತಾಳೆ. ಪರದೇಶದ ಸೈನಿಕರು ದಾಳಿ ಮಾಡಿದಾಗ ಹುಡುಗ ಮಂಜು ಕವಿಸಿ ಊರನ್ನು ಉಳಿಸುತ್ತಾನೆ. ಆಗ ಓಜಿಯನ್ ಎಂಬ ಮಿತಭಾಷಿ ಗುರು ಬಂದು ಅವನಿಗೆ 'ಗೆಡ್' ಎಂಬ ನಿಜನಾಮ ಕೊಟ್ಟು ಶಿಷ್ಯನಾಗಿ ಕರೆದೊಯ್ಯುತ್ತಾನೆ.

ಗೆಡ್‌ಗೆ ಅವಸರ. ಗುರುವಿಗೆ ಅವಸರವಿಲ್ಲ. ದಾರಿಯಲ್ಲಿ ಮಳೆ ಬರುತ್ತದೆ. ಉಳಿದ ಮಾಂತ್ರಿಕರು ಮೋಡವನ್ನು ಅತ್ತ ನೂಕಿ ತಾವು ಒಣಗಿರುತ್ತಾರೆ. ಓಜಿಯನ್ ಮಾತ್ರ ಮಳೆಯನ್ನು ಅದರ ಪಾಡಿಗೆ ಬಿಟ್ಟು ಮರದ ಕೆಳಗೆ ಮಲಗುತ್ತಾನೆ. ಭೂಕಂಪವನ್ನೇ ತಡೆದ ಮನುಷ್ಯ ಮಳೆಯಲ್ಲಿ ನೆನೆಯುತ್ತಾನೆ. ಹುಡುಗನಿಗೆ ಇದು ಅರ್ಥವಾಗುವುದಿಲ್ಲ. ಅವನು ಗುರುವನ್ನು ಬಿಟ್ಟು ರೋಕ್ ದ್ವೀಪದ ಮಾಂತ್ರಿಕರ ವಿದ್ಯಾಲಯಕ್ಕೆ ಹೋಗುತ್ತಾನೆ. ಅಲ್ಲಿ ಜಾಸ್ಪರ್ ಎಂಬ ಶ್ರೀಮಂತ ಮನೆತನದ ವಿದ್ಯಾರ್ಥಿ ಅವನನ್ನು ಮೇಕೆ ಕಾಯುವವನೆಂದು ಹಂಗಿಸುತ್ತಾನೆ. ಆ ಹಂಗನ್ನು ತಾಳಲಾರದೆ ಗೆಡ್ ಒಂದು ರಾತ್ರಿ ಎಲ್ಲರ ಎದುರು ಪಂಥ ಕಟ್ಟಿ, ಸಾವಿರ ವರ್ಷದ ಹಿಂದೆ ಸತ್ತ ಸುಂದರಿಯೊಬ್ಬಳ ಆತ್ಮವನ್ನು ಕರೆಯುತ್ತಾನೆ. ಅವಳು ಕ್ಷಣಮಾತ್ರ ಕಾಣುತ್ತಾಳೆ. ಆದರೆ ಆ ಬಿರುಕಿನಿಂದ ಇನ್ನೊಂದು ಹೊರಬರುತ್ತದೆ. ಮುಖವಿಲ್ಲದ ಕಪ್ಪು ನೆರಳು. ಅದು ಅವನ ಕೆನ್ನೆಯನ್ನು ಸೀಳುತ್ತದೆ. ಬಿರುಕನ್ನು ಮುಚ್ಚಲು ಹೋದ ವಿದ್ಯಾಲಯದ ವೃದ್ಧ ಮುಖ್ಯಸ್ಥರು ಪ್ರಾಣ ಬಿಡುತ್ತಾರೆ.

ಮುಂದಿನ ಕಥೆಯೆಲ್ಲ ಆ ನೆರಳಿನದು. ಮೊದಲು ಅದು ಅಟ್ಟಿಸಿಕೊಂಡು ಬರುತ್ತದೆ, ಗೆಡ್ ಓಡುತ್ತಾನೆ. ದಿಕ್ಕುಗೆಟ್ಟು ಹಳೆಯ ಗುರುವಿನ ಬಳಿ ಬಂದಾಗ ಗುರು ಹೇಳುವುದು ಒಂದೇ ಮಾತು. ಓಡುವುದನ್ನು ನಿಲ್ಲಿಸು, ತಿರುಗಿ ನಿಲ್ಲು, ನೀನೇ ಅದನ್ನು ಹುಡುಕಿಕೊಂಡು ಹೋಗು. ಗೆಡ್ ಗೆಳೆಯ ವೆಚ್‌ನೊಂದಿಗೆ ದೋಣಿಯಲ್ಲಿ ಕೊನೆಯ ದ್ವೀಪವನ್ನೂ ದಾಟಿ ಹೋಗುತ್ತಾನೆ. ಅಲ್ಲಿ ಅವನೂ ನೆರಳೂ ಎದುರುಬದುರು ನಿಂತು, ಒಬ್ಬರ ಹೆಸರನ್ನೊಬ್ಬರು ಕರೆಯುತ್ತಾರೆ. ಎರಡೂ ಬಾಯಿಂದ ಬಂದ ಹೆಸರು ಒಂದೇ. ಗೆಡ್.

ಇಷ್ಟೇ ಕಥೆ. 1968ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಪಾರ್ನಾಸಸ್ ಪ್ರೆಸ್ ಇದನ್ನು ಪ್ರಕಟಿಸಿತು. ಹದಿಹರೆಯದವರಿಗಾಗಿ ಏನಾದರೂ ಬರೆಯಿರಿ ಎಂದು ಪ್ರಕಾಶಕರು ಕೇಳಿದ್ದರು. ಕಥೆಗಳಲ್ಲಿ ಬರುವ ಮಾಂತ್ರಿಕರೆಲ್ಲ ಬಿಳಿ ಗಡ್ಡದ ಮುದುಕರು, ಅವರು ಹುಡುಗರಾಗಿದ್ದಾಗ ಹೇಗಿದ್ದರು, ಎಲ್ಲಿ ಕಲಿತರು ಎಂಬ ಪ್ರಶ್ನೆಯಿಂದ ಲೆ ಗ್ವಿನ್ ಆರಂಭಿಸಿದರು. ಮಾಂತ್ರಿಕರ ಶಾಲೆಗೆ ಹೋಗುವ ಇನ್ನೊಬ್ಬ ಹುಡುಗನ ಪುಸ್ತಕ ಇಡೀ ಜಗತ್ತನ್ನು ಗೆಲ್ಲಲು ಹೊರಟದ್ದು 1997ರಲ್ಲಿ. ಅದಕ್ಕಿಂತ 29 ವರ್ಷ ಮೊದಲೇ ಈ ಶಾಲೆ ತೆರೆದಿತ್ತು.

ಜಾದೂ ಮತ್ತು ಕಥೆ

ಈಗ ಮಾಸ್ಟರ್ ಸಾಹೇಬರ ಮೊದಲ ಪ್ರಶ್ನೆ. ಸಿಹ್ರ್, ಅಂದರೆ ಮಾಟ, ಮಹಾಪಾಪಗಳಲ್ಲಿ ಒಂದು. ಇದರಲ್ಲಿ ಎರಡು ಮಾತಿಲ್ಲ. ಬಡವರ ಭಯವನ್ನೇ ಬಂಡವಾಳ ಮಾಡಿಕೊಂಡು ನಿಂಬೆಹಣ್ಣು, ಮೊಳೆ, ಕಪ್ಪು ದಾರ ಮಾರುವವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಮಾಟ ಮಾಡುವುದು ಬೇರೆ, ಮಾಟದ ಕಥೆ ಹೇಳುವುದು ಬೇರೆ. ಈ ಭೇದ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಇಲ್ಲದಿದ್ದರೆ ಉರ್ದುವಿನಲ್ಲಿ 'ದಾಸ್ತಾನೆ ಅಮೀರ್ ಹಮ್ಝಾ' ಹುಟ್ಟುತ್ತಲೇ ಇರಲಿಲ್ಲ. ಲಕ್ನೋದ ನವಲ್ ಕಿಶೋರ್ ಪ್ರೆಸ್ 1883ರಿಂದ ಅದನ್ನು 46 ಸಂಪುಟಗಳಲ್ಲಿ ಅಚ್ಚು ಹಾಕಿತು. ಅದರೊಳಗಿನ 'ತಿಲಿಸ್ಮೆ ಹೋಶ್‌ರುಬಾ'ದಲ್ಲಿ ಪುಟಕ್ಕೊಬ್ಬ ಜಾದೂಗಾರನಿದ್ದಾನೆ. ಗಾಲಿಬರೂ ದಾಸ್ತಾನ್ ಪ್ರಿಯರು. ಅವನ್ನು ಓದಿದವರು ಮಾಟಗಾರರಾಗಲಿಲ್ಲ. ಅವರ ಉರ್ದು ಮಾತ್ರ ಚೆನ್ನಾಯಿತು.

ಇನ್ನೊಂದು ಮಾತು. ಈ ಪುಸ್ತಕದಲ್ಲಿ ಜಾದೂ ಎಂದರೆ ಬೇಕಾದ್ದನ್ನು ಪಡೆಯುವ ಉಪಾಯವಲ್ಲ. ಒಂದು ಕಡೆ ಮಳೆ ಬರಿಸಿದರೆ ಇನ್ನೊಂದು ಕಡೆ ಬರ ಬರಬಹುದು, ಒಂದು ದೀಪ ಹಚ್ಚಿದರೂ ಎಲ್ಲೋ ಒಂದು ನೆರಳು ಬೀಳುತ್ತದೆ ಎಂಬ ಎಚ್ಚರವನ್ನು ಗುರುಗಳು ಮತ್ತೆ ಮತ್ತೆ ಕೊಡುತ್ತಾರೆ. ಶಕ್ತಿ ಇದ್ದವನು ಅದನ್ನು ಎಲ್ಲಿ ಬಳಸಬಾರದು ಎಂಬುದೇ ಅಲ್ಲಿಯ ಪಾಠ. ಮಳೆಯಲ್ಲಿ ನೆನೆಯುತ್ತಾ ಮಲಗಿದ ಓಜಿಯನ್‌ನನ್ನು ಕಂಡಾಗ ನಮಗೆ ನೆನಪಾದದ್ದು ಮಾಟಗಾರರಲ್ಲ, ಸಬ್ರ್ ಕಲಿತ ನಮ್ಮ ಹಳೆಯ ಬುಜುರ್ಗರು.

ಆ ಲೋಕದಲ್ಲಿ ವಿದ್ಯೆಯ ತಿರುಳು ಹೆಸರು. ಪ್ರತಿ ವಸ್ತುವಿಗೂ ಒಂದು ನಿಜನಾಮವಿದೆ. ಅದನ್ನು ಅರಿಯುವುದೇ ಜ್ಞಾನ. ಆದಮರಿಗೆ(ಅ) ಅಲ್ಲಾಹನು ಎಲ್ಲ ವಸ್ತುಗಳ ಹೆಸರು ಕಲಿಸಿದ ಪ್ರಸಂಗವನ್ನು 'ಅಲ್ ಬಕರಃ' ಅಧ್ಯಾಯದಲ್ಲಿ ಓದಿ ಬೆಳೆದ ನಮಗೆ ಈ ವಿಚಾರ ಪರಕೀಯ ಅನಿಸಲಿಲ್ಲ. ಲೆ ಗ್ವಿನ್ ಅದನ್ನು ನಮ್ಮ ಗ್ರಂಥದಿಂದ ತೆಗೆದುಕೊಂಡರು ಎಂದು ನಾವು ಹೇಳುತ್ತಿಲ್ಲ. ಅವರಿಗೆ ಒಲಿದದ್ದು ಚೀನಾದ ತಾವೋ ಚಿಂತನೆ. ದೂರದ ಎರಡು ಬಾವಿಗಳಲ್ಲಿ ಒಂದೇ ರುಚಿಯ ನೀರು ಸಿಕ್ಕಿದ ಸಂತೋಷವಷ್ಟೇ ನಮ್ಮದು.

ಅಲ್ಲಿ ಮನುಷ್ಯರಿಗೂ ನಿಜನಾಮವಿದೆ. ಅದನ್ನು ಯಾರೂ ಬೀದಿಯಲ್ಲಿ ಹೇಳಿಕೊಳ್ಳುವುದಿಲ್ಲ. ಹೆಸರು ತಿಳಿದವನ ಕೈಯಲ್ಲಿ ಜೀವವೇ ಇರುತ್ತದೆ. ಗೆಡ್ ತಪ್ಪು ಮಾಡಿ, ಮುಖ ಸೀಳಿಕೊಂಡು, ಎಲ್ಲರಿಂದ ದೂರವಾಗಿ ಕೂತಿದ್ದಾಗ ಗೆಳೆಯ ವೆಚ್ ಬಂದು ತನ್ನ ನಿಜನಾಮವನ್ನು ಹೇಳಿ ಹೋಗುತ್ತಾನೆ. ಸಮಾಧಾನದ ಮಾತಿಲ್ಲ, ಉಪದೇಶವಿಲ್ಲ. ನನ್ನ ಜೀವ ನಿನ್ನ ಕೈಯಲ್ಲಿರಲಿ ಎಂಬ ನಂಬಿಕೆ ಮಾತ್ರ. ಈ ಪುಟಕ್ಕೆ ಬಂದಾಗ ನಾವು ಪುಸ್ತಕ ಮುಚ್ಚಿ ಅಂಗಳಕ್ಕೆ ಎದ್ದು ಹೋಗಬೇಕಾಯಿತು. ಕಾರಣ ಮುಂದೆ ಹೇಳುತ್ತೇವೆ.

ಸುಳ್ಳು ಯಾವುದು?

ಎರಡನೆಯ ಪ್ರಶ್ನೆ ಮೊದಲಿನದಕ್ಕಿಂತ ಕಷ್ಟದ್ದು. ಆಗದ್ದನ್ನು ಬರೆಯುವುದು ಸುಳ್ಳಲ್ಲವೇ?

ನಮ್ಮ ದಾದೀಮಾ ಒಬ್ಬ ಬಾದಶಹನಿದ್ದ ಎಂದು ಕಥೆ ಆರಂಭಿಸಿದರೆ, ನಿಜವಾದ ಬಾದಶಹ ಆ ಮೇಲಿರುವವನೊಬ್ಬನೇ ಎಂದು ಸೇರಿಸದೆ ಮುಂದುವರಿಯುತ್ತಿರಲಿಲ್ಲ. ಕೇಳುವ ಮಕ್ಕಳಿಗೆ ಇದು ಕಥೆ ಎಂಬುದು ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತಿತ್ತು. ಸುಳ್ಳಿನ ಲಕ್ಷಣವೇ ಬೇರೆ. ತಾನು ಸುಳ್ಳು ಎಂದು ಅದು ಎಂದೂ ಹೇಳಿಕೊಳ್ಳುವುದಿಲ್ಲ. ಅದಕ್ಕೆ ನಮ್ಮ ನಂಬಿಕೆ ಬೇಕು, ಆ ನಂಬಿಕೆಯಿಂದ ಲಾಭವೂ ಬೇಕು. ಡ್ರ್ಯಾಗನ್ ಬಂತು ಎಂದು ಬರೆದ ಲೇಖಕಿ ಯಾರನ್ನೂ ಮೋಸ ಮಾಡುವುದಿಲ್ಲ. ಅಮೆರಿಕದವರು ಡ್ರ್ಯಾಗನ್‌ಗಳಿಗೆ ಏಕೆ ಹೆದರುತ್ತಾರೆ ಎಂದು ಲೆ ಗ್ವಿನ್ 1974ರಲ್ಲಿ ಒಂದು ಪ್ರಬಂಧವನ್ನೇ ಬರೆದರು. ವಾಸ್ತವವಲ್ಲದಿದ್ದರೂ ಸತ್ಯವಾದದ್ದು ಅದರಲ್ಲಿದೆ, ಆ ಸತ್ಯ ತಮ್ಮ ಬದುಕಿನ ಹುಸಿಯನ್ನು ತೋರಿಸೀತು ಎಂಬ ಭಯವೇ ಬೆಳೆದವರನ್ನು ಕಾಡುತ್ತದೆ ಎಂಬುದು ಅವರ ವಾದದ ಸಾರ.

ಹಾಗಾದರೆ ಡ್ರ್ಯಾಗನ್ ಇಲ್ಲದ ಕಥೆಗಳೆಲ್ಲ ಸತ್ಯವೇ? ನಮ್ಮ ಊರು, ನಮ್ಮ ಬೀದಿ, ನಮ್ಮ ಜನರ ಕಣ್ಣೀರನ್ನು ಇದ್ದ ಹಾಗೆ ಬರೆದ ವಾಸ್ತವದ ಕಥೆಯಲ್ಲಿ ಸುಳ್ಳಿರುವುದಿಲ್ಲವೇ? ಇಲ್ಲಿಗೆ ಬಂದಾಗ ನಮ್ಮದೇ ಒಂದು ಕಥೆಯ ವಿಷಯ ಹೇಳಲೇಬೇಕು. 'ನಾವು' ಎಂದು ಬರೆಯುವುದು ಉರ್ದುವಿನ 'ಹಮ್'ನಿಂದ ನಮಗೆ ಬಂದ ರೂಢಿ. ಇನ್ನು ಮುಂದೆ ಹೇಳುವ ವಿಷಯದಲ್ಲಿ ಆ 'ನಾವು' ಒಬ್ಬರೇ. ಪಾಲು ಹಂಚಿಕೊಳ್ಳಲು ಬೇರೆ ಯಾರೂ ಇಲ್ಲ.

ಖಾಲಾಳ ಕಾಗದಗಳು

ನಾವು ಬೆಳೆದ ಬೀದಿಯಲ್ಲಿ ಒಬ್ಬ ಖಾಲಾ ಇದ್ದರು. ರಕ್ತಸಂಬಂಧವಲ್ಲ, ಬೀದಿಗೆಲ್ಲ ಖಾಲಾ. ಅವರ ಒಬ್ಬನೇ ಮಗ ಕೊಲ್ಲಿ ದೇಶಕ್ಕೆ ಹೋಗಿದ್ದ. ಖಾಲಾಗೆ ಓದು ಬರಹ ಬಾರದು. ನಾವು ಏಳನೇ ತರಗತಿವರೆಗೆ ಉರ್ದು ಶಾಲೆಯಲ್ಲಿ ಓದಿದವರಾದ್ದರಿಂದ ಅವರ ಕಾಗದ ಬರೆಯುವ ಕೆಲಸ ನಮ್ಮದಾಗಿತ್ತು. ಪ್ರೌಢಶಾಲೆ, ಕಾಲೇಜು ಎಂದು ಕನ್ನಡಕ್ಕೆ ದಾಟಿದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಖೈರಿಯತ್ ಕೇಳಿ, ಹವಾಮಾನ ಹೇಳಿ, ಮೇಕೆ ಮರಿ ಹಾಕಿದ್ದನ್ನು ತಿಳಿಸಿ, ಕೊನೆಗೆ ದುಆ ಬರೆಸುತ್ತಿದ್ದರು. ಮೊದಮೊದಲು ಉತ್ತರ ಬರುತ್ತಿತ್ತು. ಆಮೇಲೆ ನಿಂತಿತು. ಕಾಗದ ಬರೆಸುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ.

ರಮಝಾನಿನ ಒಂದು ರಾತ್ರಿ ಸಹ್ರಿಗೆ ಸ್ವಲ್ಪ ಮುಂಚೆ ನಮ್ಮನ್ನು ಕರೆಸಿದರು. ಎದುರಿಗೆ ಎರಡು ತಟ್ಟೆ. ಒಂದು ಅವರದು, ಇನ್ನೊಂದು ಮಗನದು. ಪ್ರತಿ ವರ್ಷವೂ ಹಾಗೆ ಇಡುತ್ತಿದ್ದರಂತೆ. ಅಂದು ಅವರು ಕಾಗದ ಬರೆಸಲಿಲ್ಲ. ಬೀದಿಗೆ ಹೇಳಿದ್ದ ಕಥೆ ನಿಜವಲ್ಲ, ಮಗ ಸಂಬಳದ ಆಸೆಗೆ ಹೋದದ್ದಲ್ಲ, ಒಂದು ಜಗಳದಲ್ಲಿ ತಾನೇ ಅವನನ್ನು ಹೊಸ್ತಿಲು ದಾಟಿಸಿ ಬಾಗಿಲು ಹಾಕಿದ್ದು ಎಂದು ಹೇಳಿದರು. ಅವನು ಬಹಳ ಹೊತ್ತು ಬಾಗಿಲು ಬಡಿದನಂತೆ. ಅವರು ತೆಗೆಯಲಿಲ್ಲವಂತೆ. "ಬೇಟಾ, ಇದನ್ನು ಯಾರಿಗೂ ಹೇಳಿಲ್ಲ. ನಿನ್ನ ಕೈಯಲ್ಲಿ ನನ್ನ ಎಷ್ಟೋ ಕಾಗದ ಹೋಗಿವೆ, ಅದಕ್ಕೇ ಹೇಳಿದೆ" ಎಂದರು.

ಆ ಕಾಲದಲ್ಲಿ ನಾವು ಒಂದು ಸಾಹಿತ್ಯ ಬಳಗದಲ್ಲಿ ಓಡಾಡುತ್ತಿದ್ದೆವು. ಅಲ್ಲಿ ಒಬ್ಬರು ನಮ್ಮ ಕಥೆಯೊಂದನ್ನು ಕೇಳಿ, "ಉರ್ದು ಶಾಲೆಯವರಿಗೆ ಕನ್ನಡದ ಕಥೆ ಕೈಗೆ ಹತ್ತುವುದು ಕಷ್ಟ" ಎಂದಿದ್ದರು. ಹಂಗಿಸಬೇಕೆಂದು ಹೇಳಿದರೋ ಸಹಜವಾಗಿ ಹೇಳಿದರೋ, ನಮಗೆ ಮಾತ್ರ ನೆಟ್ಟಿತು. ಒಂದು ತಿಂಗಳೊಳಗೆ ಕಥೆ ಬರೆದೆವು. ಎರಡು ತಟ್ಟೆ, ಮುಚ್ಚಿದ ಬಾಗಿಲು, ಬಡಿಯುವ ಕೈ. ಹೆಸರು ಬದಲಿಸಿದ್ದೆವು. ಊರು ಬದಲಿಸಿದ್ದೆವು. ಕಥೆ ಅಚ್ಚಾಯಿತು, ಬಹುಮಾನವೂ ಬಂತು. ಹಾಗೆ ಹೇಳಿದವರೇ ಎದ್ದು ಬಂದು ಕೈ ಕುಲುಕಿದರು. ನಮ್ಮ ಬದುಕಿನಲ್ಲಿ ಅಷ್ಟು ಸುಖದ ದಿನ ಮತ್ತೊಂದಿರಲಿಲ್ಲ.

ಖಾಲಾಗೆ ಕನ್ನಡ ಓದಲು ಬಾರದು. ಉರ್ದುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆದರೆ ಅದು ಅವರ ಮನೆಗೆ ಮುಟ್ಟದು ಎಂಬ ಧೈರ್ಯ ನಮಗಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು. ಎರಡು ಭಾಷೆ ಬಲ್ಲವರು ಸೇತುವೆಯಾಗುತ್ತಾರೆ ಎಂದು ನಾವು ಎಷ್ಟೋ ಸಭೆಗಳಲ್ಲಿ ಭಾಷಣ ಮಾಡಿದ್ದೇವೆ. ಅಂದು ಎರಡು ಭಾಷೆಯ ನಡುವಿನ ಕಂದಕವನ್ನು ನಾವು ಅಡಗುತಾಣ ಮಾಡಿಕೊಂಡಿದ್ದೆವು. ಆದರೆ ಬೀದಿಯ ಹೈಸ್ಕೂಲು ಹುಡುಗಿಯೊಬ್ಬಳು ಕಥೆ ಓದಿ ಅವರಿಗೆ ಹೇಳಿದಳು.

ಖಾಲಾ ಬೈಯಲಿಲ್ಲ. ಅಳಲೂ ಇಲ್ಲ. ಮುಂದಿನ ಸಲ ಎದುರಾದಾಗ "ಆಪ್ ಕೈಸೇ ಹೈಂ?" ಎಂದು ಕೇಳಿದರು. ಅಲ್ಲಿಯವರೆಗೆ ನಮ್ಮನ್ನು 'ತೂ' ಎನ್ನುತ್ತಿದ್ದವರು ಅವರು. ಅಂದಿನಿಂದ 'ಆಪ್' ಆದೆವು. ಗೌರವದ ಪದವೊಂದು ಹೀಗೆ ಬಾಗಿಲಾಗಿ ಮುಚ್ಚಿಕೊಳ್ಳಬಹುದು ಎಂದು ನಮಗೆ ಗೊತ್ತಿರಲಿಲ್ಲ. ಕಾಗದ ಬರೆಸಲು ಮತ್ತೆ ಕರೆಯಲಿಲ್ಲ.

ಇಪ್ಪತ್ತು ವರ್ಷ ನಾವು ಓಡಿದೆವು. ಕಲೆಗೆ ಅದರದೇ ನ್ಯಾಯವಿದೆ ಎಂದೆವು. ಅವರ ನೋವಿಗೆ ದನಿ ಕೊಟ್ಟೆವು ಎಂದೆವು. ಹೆಸರು ಬದಲಿಸಿದ್ದೆವಲ್ಲ ಎಂದೆವು. ಊರು ಬಿಟ್ಟು ಬೇರೆ ಊರಲ್ಲಿ ಮನೆ ಮಾಡಿದೆವು. ಊರಿಗೆ ಹೋದಾಗ ಆ ಬೀದಿಯನ್ನು ಬಳಸಿ ಹೋಗುವುದನ್ನು ಕಲಿತೆವು.

ಒಬ್ಬ ಹುಡುಗ ಪಂಥಕ್ಕೆ ಬಿದ್ದು, ತನ್ನ ಸಾಮರ್ಥ್ಯ ತೋರಿಸಲು, ತನ್ನದಲ್ಲದ ಜೀವವೊಂದನ್ನು ಮಾತಿನ ಬಲದಿಂದ ಸಭೆಗೆ ಎಳೆದು ತಂದ ಕಥೆ ನಮ್ಮನ್ನು ಏಕೆ ಹಿಡಿಯಿತು ಎಂದು ಇನ್ನು ವಿವರಿಸಬೇಕಾಗಿಲ್ಲ. ಅಮೆರಿಕದ ಲೇಖಕಿ ನಮ್ಮ ಖಾಲಾಳನ್ನು ಕಂಡವರಲ್ಲ. ಅವರ ಕಥೆಯಲ್ಲಿ ಡ್ರ್ಯಾಗನ್‌ಗಳಿವೆ. ಆದರೂ ಅದರಲ್ಲಿ ನಮ್ಮ ಬಗ್ಗೆ ಸತ್ಯವಿತ್ತು. ನಮ್ಮ ಕಥೆಯಲ್ಲಿ ಇದ್ದದ್ದೆಲ್ಲ ನಡೆದದ್ದೇ. ಆದರೂ ಅದು ಸುಳ್ಳಾಗಿತ್ತು, ಏಕೆಂದರೆ ಆ ಬಾಗಿಲಿನ ಮುಂದೆ ಮರುಗುತ್ತಾ ನಿಂತ ಸಹೃದಯಿಯಾಗಿ ನಾವು ನಮ್ಮನ್ನು ತೋರಿಸಿಕೊಂಡಿದ್ದೆವು.

ಎಲ್ಲರ ನೆರಳು

ಮನುಷ್ಯನೊಳಗಿನ ನಫ್ಸ್ ಬಗ್ಗೆ ನಮ್ಮ ಸೂಫಿಗಳು ಬಹಳ ಹೇಳಿದ್ದಾರೆ. ಕೆಡುಕಿಗೆ ಪ್ರೇರಿಸುವ ನಫ್ಸ್, ತನ್ನನ್ನು ತಾನೇ ದೂಷಿಸಿಕೊಳ್ಳುವ ನಫ್ಸ್, ಶಾಂತವಾದ ನಫ್ಸ್ ಎಂಬ ಮೂರೂ ಕುರ್‌ಆನ್‌ನಲ್ಲಿ ಬರುತ್ತವೆ. ಮೊದಲನೆಯದರಿಂದ ಮೂರನೆಯದಕ್ಕೆ ನೇರ ದಾರಿ ಇಲ್ಲ. ನಡುವೆ ತನ್ನನ್ನು ದೂಷಿಸಿಕೊಳ್ಳುವ ಮೆಟ್ಟಿಲನ್ನು ಹತ್ತಲೇಬೇಕು. ಹನ್ನೆರಡನೆಯ ಶತಮಾನದ ಫಾರ್ಸಿ ಕವಿ ಅತ್ತಾರರ ಪಕ್ಷಿಗಳು ತಮ್ಮ ರಾಜ ಸೀಮುರ್ಗ್‌ನನ್ನು ಹುಡುಕುತ್ತಾ ಏಳು ಕಣಿವೆ ದಾಟಿದವು. ಕೊನೆಗೆ ಉಳಿದದ್ದು ಮೂವತ್ತು ಪಕ್ಷಿಗಳು, ಸೀ ಮುರ್ಗ್. ಅವು ಕಂಡದ್ದು ತಮ್ಮನ್ನೇ. ಲೆ ಗ್ವಿನ್ ಅವರ ಹುಡುಗನೂ ಕಡಲಿನ ಕೊನೆಯಲ್ಲಿ ತನ್ನನ್ನೇ ಕಂಡ. ಒಂದೇ ವ್ಯತ್ಯಾಸ. ಪಕ್ಷಿಗಳು ಅತ್ಯುತ್ತಮವಾದದ್ದನ್ನು ಹುಡುಕುತ್ತಾ ಹೋದವು, ಅವನು ಅತಿ ಕೆಟ್ಟದ್ದನ್ನು.

ಒಬ್ಬ ವ್ಯಕ್ತಿಯ ಮಾತು ಹೀಗಾದರೆ ಸಮುದಾಯಗಳ ಮಾತೇನು? ಸಮುದಾಯಗಳಿಗೂ ನೆರಳಿರುತ್ತದೆ. ಆದರೆ ಅದು ಯಾವಾಗಲೂ ಪಕ್ಕದವರ ಅಂಗಳದಲ್ಲಿ ಬಿದ್ದಂತೆ ಕಾಣುತ್ತದೆ. ಈ ಪುಸ್ತಕಕ್ಕೇ ಒದಗಿದ ಗತಿ ನೋಡಿ. ಗೆಡ್ ತಾಮ್ರದ ಮೈಬಣ್ಣದ ಹುಡುಗ, ವೆಚ್ ಕಪ್ಪು ಮನುಷ್ಯ, ದಾಳಿ ಮಾಡುವ ಸೈನಿಕರು ಬಿಳಿಯರು. ಲೇಖಕಿ ಬೇಕೆಂದೇ ಹಾಗೆ ಬರೆದರು. ಆದರೂ ಹಲವು ಮುದ್ರಣಗಳ ಮುಖಪುಟದಲ್ಲಿ ಗೆಡ್ ಬಿಳಿಯನಾದ. 2004ರಲ್ಲಿ ಅಮೆರಿಕದ ಟಿವಿ ಧಾರಾವಾಹಿಯಲ್ಲೂ ಬಿಳಿಯ ನಟನೇ ಬಂದ. ಲೆ ಗ್ವಿನ್ ಅದನ್ನು ಬಹಿರಂಗವಾಗಿ ಪ್ರತಿಭಟಿಸಿದರು. ನಾಯಕನಿಗೆ ಒಂದು ಬಣ್ಣ, ಖಳನಿಗೆ ಇನ್ನೊಂದು ಬಣ್ಣ ಎಂದು ಮೊದಲೇ ನಿರ್ಧರಿಸಿದ ಕಣ್ಣುಗಳಿಗೆ ಪುಸ್ತಕದಲ್ಲಿ ಅಚ್ಚಾದದ್ದೂ ಕಾಣುವುದಿಲ್ಲ.

ಸಿನೆಮಾದಲ್ಲೂ ಸುದ್ದಿಯಲ್ಲೂ ನೆರಳಿನ ಪಾತ್ರವನ್ನೇ ಪಡೆಯುವುದು ಎಂದರೇನೆಂದು ನಮ್ಮ ಸಮುದಾಯಕ್ಕೆ ಗೊತ್ತು. ಅದನ್ನು ಪ್ರತಿಭಟಿಸುವುದು ನ್ಯಾಯವೇ. ಆದರೆ ಇದರೊಳಗೆ ಒಂದು ಅಪಾಯವೂ ಇದೆ. ಹೊರಗಿನ ಆರೋಪಗಳಿಗೆ ಉತ್ತರ ಕೊಡುವುದರಲ್ಲೇ ಆಯುಷ್ಯ ಕಳೆದರೆ ನಮ್ಮ ನಿಜವಾದ ನೆರಳನ್ನು ನೋಡುವವರು ಯಾರು? ಹೆಣ್ಣು ಮಕ್ಕಳಿಗೆ ಆಸ್ತಿಯಲ್ಲಿ ಪಾಲು ಕೊಡಬೇಕೆಂದು ಕುರ್‌ಆನ್ ಸ್ಪಷ್ಟವಾಗಿ ಹೇಳಿದೆ ಎಂದು ವೇದಿಕೆಯಲ್ಲಿ ಹೆಮ್ಮೆಪಡುತ್ತೇವೆ. ಮನೆಯಲ್ಲಿ ಅಕ್ಕ ತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಳ್ಳುತ್ತೇವೆ. ಮಹರ್ ಕೊಡಬೇಕಾದ ಮದುವೆಯಲ್ಲಿ ಜಹೇಜ್ ಎಣಿಸಿಕೊಳ್ಳುತ್ತೇವೆ. ಇದನ್ನು ಎತ್ತಿದರೆ, "ಈಗ ಬೇಡ, ಹೊರಗಿನವರಿಗೆ ಆಯುಧ ಸಿಕ್ಕೀತು" ಎನ್ನುತ್ತಾರೆ. ಆ ಭಯ ಸುಳ್ಳಲ್ಲ. ಆಯುಧ ಮಾಡಿಕೊಳ್ಳುವವರು ಇದ್ದೇ ಇದ್ದಾರೆ. ಆದರೆ ಅವರ ಭಯದಿಂದ ತಂಗಿಯ ಪಾಲನ್ನು ಇಟ್ಟುಕೊಂಡವನು ಸಮುದಾಯವನ್ನು ಕಾಯುತ್ತಿಲ್ಲ, ತನ್ನ ತೋಟವನ್ನು ಕಾಯುತ್ತಿದ್ದಾನೆ. ಈ ಮಾತು ನಮಗೆ ಮಾತ್ರ ಅನ್ವಯಿಸುವುದಲ್ಲ. ತನ್ನೊಳಗಿನ ಜಾತಿಯ ಕ್ರೌರ್ಯವನ್ನು ನೋಡಲಾರದೆ ಪಕ್ಕದವನ ಕಡೆ ಬೆರಳು ತೋರಿಸುವ ಸಮಾಜಕ್ಕೂ ಇದೇ ಕನ್ನಡಿ.

ಪ್ರೀತಿಸಿದ ಪುಸ್ತಕವನ್ನು ಕುರುಡಾಗಿ ಹೊಗಳುವುದೂ ಒಂದು ಬಗೆಯ ಓಟ. ಈ ಕಥೆಯಲ್ಲಿ ರೋಕ್ ವಿದ್ಯಾಲಯದ ಬಾಗಿಲು ಹುಡುಗಿಯರಿಗೆ ತೆರೆಯುವುದಿಲ್ಲ. ಹೆಂಗಸರ ವಿದ್ಯೆಯನ್ನು ಕೀಳಾಗಿ ಕಾಣುವ ಗಾದೆಗಳು ಅಲ್ಲಿವೆ. ಗೆಡ್‌ಗೆ ಮೊದಲ ಪಾಠ ಹೇಳಿದ ದೊಡ್ಡಮ್ಮನನ್ನು ಕಥೆ ಬೇಗ ಮರೆಯುತ್ತದೆ. ತಂಗಿಯ ಮಗಳು ಆ ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಆ ಪ್ರಶ್ನೆಯನ್ನು ಲೇಖಕಿಯೇ ತಮಗೆ ಹಾಕಿಕೊಂಡರು. 1990ರಲ್ಲಿ, ಮೊದಲ ಪುಸ್ತಕದ 22 ವರ್ಷದ ನಂತರ, 'ತೆಹಾನು' ಎಂಬ ಕಾದಂಬರಿ ಬರೆದು ಅದೇ ಲೋಕಕ್ಕೆ ಹಿಂದಿರುಗಿದರು. ಅದರಲ್ಲಿ ಗೆಡ್‌ನ ಶಕ್ತಿಯೆಲ್ಲ ಬತ್ತಿದೆ. ಕಥೆ ನಡೆಯುವುದು ಒಬ್ಬ ನಡುವಯಸ್ಸಿನ ವಿಧವೆಯ ಮನೆಯಲ್ಲಿ, ಬೆಂಕಿಯಲ್ಲಿ ಸುಟ್ಟು ಬಿಸಾಡಿದ ಒಂದು ಹೆಣ್ಣು ಮಗುವಿನ ಸುತ್ತ. ತಾವೇ ಕಟ್ಟಿದ, ಜನ ಮೆಚ್ಚಿದ ಲೋಕದಲ್ಲಿ ತಮ್ಮದೇ ನೆರಳನ್ನು ಕಂಡು ಅವರು ತಿರುಗಿ ನಿಂತರು. 2018ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರು ಕಥೆ ಹೇಳಿದ್ದಕ್ಕಿಂತ ಹೀಗೆ ತಿರುಗಿ ನಿಂತದ್ದೇ ನಮ್ಮನ್ನು ಹೆಚ್ಚು ಎಳೆಯಿತು.

ಪಿಂಗಾಣಿ ತಟ್ಟೆ

ಕಳೆದ ರಮಝಾನಿಗೆ ಮುಂಚೆ ನಾವು ಆ ಬೀದಿಗೆ ಹೋದೆವು. ಖಾಲಾಗೆ ಈಗ ಎಂಬತ್ತರ ಹತ್ತಿರ. ಕಣ್ಣು ಮಂಜು, ಕಿವಿ ಚುರುಕು. ದನಿಯಿಂದಲೇ ಗುರುತು ಹಿಡಿದರು. "ಆಯಿಯೇ, ಬೈಠಿಯೇ" ಎಂದರು. ಅದೇ ಗೌರವ.

ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆವು. ಅದರಲ್ಲಿ ಅರ್ಧ ಮರೆತು ಹೋಯಿತು. ನೀವು ನಂಬಿ ಹೇಳಿದ್ದನ್ನು ನಾನು ಹೆಸರು ಗಳಿಸಲು ಬಳಸಿಕೊಂಡೆ, ಮುಆಫಿ ಕೇಳಲು ಬಂದಿದ್ದೇನೆ ಎಂದಷ್ಟೇ ಹೇಳಿದೆವು. ಬಹಳ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ಅದರಲ್ಲಿ ಸ್ಟೀಲಿನ ತಟ್ಟೆ ಅಂತ ಬರೆದಿದ್ದೀರಂತೆ. ಅದು ಪಿಂಗಾಣಿ. ಅವನಿಗೆ ಅಂತಲೇ ಸಂತೆಯಲ್ಲಿ ತಂದದ್ದು. ನೀಲಿ ಹೂವಿತ್ತು" ಎಂದರು. ಇಪ್ಪತ್ತು ವರ್ಷ ಆ ತಪ್ಪು ಅವರ ಮನಸ್ಸಿನಲ್ಲಿತ್ತು. ನಾವು ಎದುರಿಗೇ ಕೂತು ನೋಡಿದ್ದ ತಟ್ಟೆ ಅದು. ನೋಡಿರಲಿಲ್ಲ.

ನಮ್ಮ ಹಳೆಯ ಕಥೆಗಳ ಸಂಕಲನ ಮರುಮುದ್ರಣವಾಗುವುದಿತ್ತು. ಆ ಕಥೆ ಅದರಲ್ಲಿ ಇರಲೇ ಎಂದು ಕೇಳಿದೆವು. "ಓದಿ ಹೇಳಿ" ಎಂದರು. ಕನ್ನಡದ ಸಾಲುಗಳನ್ನು ನೋಡುತ್ತಾ ನಮ್ಮ ದಖ್ಖನಿಯಲ್ಲಿ ಹೇಳತೊಡಗಿದೆವು. ಸಭೆಗಳಲ್ಲಿ ಎಷ್ಟೋ ಸಲ ಚಪ್ಪಾಳೆ ಗಿಟ್ಟಿಸಿದ ಸಾಲುಗಳು ಆ ಮನೆಯೊಳಗೆ ಒಂದೊಂದೇ ಬಿದ್ದುಹೋದವು. ಬಾಗಿಲು ಬಡಿಯುವ ಪುಟಕ್ಕೆ ಬಂದಾಗ ಅವರು ಕೈಯೆತ್ತಿ ಸಾಕು ಎಂದರು. ಸಂಕಲನದಲ್ಲಿ ಆ ಕಥೆ ಇಲ್ಲ.

ಕ್ಷಮಿಸಿದೆ ಎಂದು ಖಾಲಾ ಹೇಳಲಿಲ್ಲ. ಅದನ್ನು ಕೇಳುವ ಹಕ್ಕು ನಮಗಿತ್ತು, ಕೊಡಬೇಕೆಂಬ ಸಾಲ ಅವರ ಮೇಲಿರಲಿಲ್ಲ. ಈಗ ಈ ಬರಹದಲ್ಲಿ ಮತ್ತೆ ಅವರ ವಿಷಯ ಬರೆಯುತ್ತಿದ್ದೀರಲ್ಲ ಎಂದು ಓದುಗರು ಕೇಳಬಹುದು. ಕೇಳಲೇಬೇಕು. ಬರೆದದ್ದನ್ನು ಈ ಸಲ ಅಚ್ಚಿಗೆ ಕೊಡುವ ಮೊದಲು ಅವರಿಗೆ ಓದಿ ಹೇಳಿದೆವು. ಎರಡು ಸಾಲು ತೆಗೆಸಿದರು. ತೆಗೆದೆವು. ಉಳಿದದ್ದು ಇರಲಿ ಎಂದರು. ಏಕೆ ಎಂದು ನಾವು ಕೇಳಲಿಲ್ಲ.

ಮಾಸ್ಟರ್ ಸಾಹೇಬರಿಗೆ ಇದೆಲ್ಲವನ್ನೂ ಹೇಳಿದೆವು. ಅವರು ಕನ್ನಡಕ ಒರೆಸಿಕೊಂಡು, "ಆ ಪುಸ್ತಕ ಉರ್ದುವಿನಲ್ಲಿ ಸಿಗುತ್ತದೆಯೇ?" ಎಂದರು. ತಂಗಿಯ ಮಗಳು ಎರಡು ಸಲ ಫೋನ್ ಮಾಡಿ, "ಮಾಮೂ, ನನ್ನ ಪುಸ್ತಕ?" ಎಂದು ಕೇಳಿದ್ದಾಳೆ. ಇನ್ನೂ ಕಳಿಸಿಲ್ಲ. ಈ ಶುಕ್ರವಾರ ಖಾಲಾ ಒಂದು ಕಾಗದ ಬರೆಸಬೇಕೆಂದು ಹೇಳಿ ಕಳಿಸಿದ್ದಾರೆ. ಯಾವ ವಿಳಾಸಕ್ಕೆ ಎಂದು ತಿಳಿಸಿಲ್ಲ. ಹೋಗಿ ಬಂದು ಪುಸ್ತಕವನ್ನು ಅಂಚೆಗೆ ಹಾಕಬೇಕು.